ತುಕ್ಕು ಹಿಡಿಯದ ಟ್ರೇ ಹೊತ್ತಿ ಉರಿದರೆ

ಬೈಕಂಪಾಡಿಯಲ್ಲೋ ಪಡುಬಿದ್ರಿಯ ಸುತ್ತಲೋ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ನಾಲ್ಕು ಮಳೆಗಾಲ ಕಳೆದವರ ಮುಂದೆ ಕೇಬಲ್ ಟ್ರೇ ಎಂದರೆ ಸಾಕು, ತುಕ್ಕಿನ ಮಾತು ಶುರುವಾಗುತ್ತದೆ. ಮೋಟಾರು, ಪಂಪು, ಕಂಪ್ರೆಸರುಗಳಿಗೆ ಕರೆಂಟು ಒಯ್ಯುವ ಕೇಬಲ್‌ಗಳನ್ನು ಸಾಲಾಗಿ ಹೊತ್ತು, ಪೈಪುಗಳ ಜೊತೆಜೊತೆಗೆ ಕಿಲೋಮೀಟರುಗಟ್ಟಲೆ ಸಾಗುವ ಏಣಿಯಂಥ ಚೌಕಟ್ಟು ಅದು. ಒಂದು ಕಡೆಯಿಂದ ಸಮುದ್ರದ ಉಪ್ಪುಗಾಳಿ, ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿದ ಮಳೆ. ಇನ್ನೊಂದು ಕಡೆಯಿಂದ ಘಟಕದ್ದೇ ಆಮ್ಲದ ಆವಿ. ಉಕ್ಕಿನ ಟ್ರೇಯ ಮೆಟ್ಟಿಲು ಪದರಪದರವಾಗಿ ಎದ್ದು ಕೈಯಲ್ಲೇ ಪುಡಿಯಾಗುವುದನ್ನು ಅವರೆಲ್ಲ ಕಂಡಿದ್ದಾರೆ. ಹಾಗಾಗಿ ಹಳೆಯದನ್ನು ಕಿತ್ತು ಎಫ್‌ಆರ್‌ಪಿ ಟ್ರೇ ಹಾಕೋಣ ಎಂದಾಗ ಯಾರೂ ಬೇಡ ಅನ್ನುವುದಿಲ್ಲ. ಎಫ್‌ಆರ್‌ಪಿ ಎಂದರೆ ಗಾಜಿನ ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್. ಹಗುರ, ತುಕ್ಕಿನ ತಂಟೆಯಿಲ್ಲ, ವರ್ಷವರ್ಷ ಬಣ್ಣ ಬಳಿಯುವ ಕೆಲಸವಿಲ್ಲ.

ಈ ನಿರ್ಧಾರದಲ್ಲಿ ನನಗೆ ದೋಷ ಕಾಣುವುದಿಲ್ಲ. ಆದರೆ ಅದು ಖರೀದಿ ವಿಭಾಗಕ್ಕೆ ಹೋಗಿ ಟೆಂಡರಾಗಿ ಹೊರಬರುವ ಹೊತ್ತಿಗೆ ಎಷ್ಟೋ ಕಡೆ ಅಗಲ, ಎತ್ತರ, ದಪ್ಪ, ಬಣ್ಣ ಮತ್ತು ‘ಎಫ್‌ಆರ್‌ಪಿ’ ಎಂಬ ಒಂದು ಪದ ಮಾತ್ರ ಉಳಿದಿರುತ್ತದೆ. ಯಾವ ರೆಸಿನ್ (ಗಾಜಿನ ನಾರನ್ನು ಹಿಡಿದಿಡುವ ಪ್ಲಾಸ್ಟಿಕ್), ಎಷ್ಟು ಗಾಜು, ಎಷ್ಟು ಶಾಖದಲ್ಲಿ ಎಷ್ಟು ಭಾರ ತಡೆಯುತ್ತದೆ, ಬೆಂಕಿ ತಗುಲಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳು ದಾರಿಯಲ್ಲೇ ಉದುರಿಹೋಗಿರುತ್ತವೆ. ಅತಿ ಕಡಿಮೆ ದರ ಹಾಕಿದವರಿಗೆ ಆರ್ಡರು ಹೋಗುತ್ತದೆ. ಹೀಗೆ ಕೊಂಡ ಟ್ರೇ ಮೊದಲ ಐದಾರು ವರ್ಷ ಹೊಸದರಂತೆಯೇ ಕಾಣುತ್ತದೆ. ಅದರ ಕೊರತೆ ಹೊರಬೀಳುವುದು ಆಮೇಲೆ. ಕೆಲವು ಕಡೆ ಅದು ನಿಧಾನವಾಗಿ ಜೋತುಬೀಳುತ್ತದೆ, ಕೆಲವು ಕಡೆ ಅರ್ತಿಂಗ್ ದಾರಿಯೇ ಕಡಿದುಹೋಗಿರುವುದು ಶಾಕ್ ಹೊಡೆದಾಗ ಗೊತ್ತಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೆಂಕಿ, ಅದಕ್ಕಿಂತಲೂ ಹೊಗೆ.

ಮೊದಲು ಉಕ್ಕಿನ ಲೆಕ್ಕ ನೋಡಿಬಿಡೋಣ, ಏಕೆಂದರೆ ಎಫ್‌ಆರ್‌ಪಿ ಕಡೆಗೆ ನಮ್ಮನ್ನು ದೂಡುತ್ತಿರುವುದೇ ಅದು. ಗಾಳಿ ಎಷ್ಟರ ಮಟ್ಟಿಗೆ ಲೋಹ ತಿನ್ನುತ್ತದೆ ಎಂಬುದನ್ನು ಐಎಸ್‌ಒ 9223 ಮಾನಕ ಆರು ವರ್ಗಗಳಾಗಿ ಹಂಚಿದೆ. ಕಡಲಿಗೆ ತೀರ ಹತ್ತಿರದ, ರಾಸಾಯನಿಕ ಆವಿಯೂ ಇರುವ ಕಾರ್ಖಾನೆಗಳು ಸಿ-5 ವರ್ಗಕ್ಕೆ ಬೀಳುತ್ತವೆ. ಅಲ್ಲಿ ಸತುವಿನ ಲೇಪ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ತಯಾರಾದ ಟ್ರೇಯನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದರೆ, ಒಂದೂವರೆಯಿಂದ ಮೂರು ಮಿಲಿಮೀಟರ್ ದಪ್ಪದ ತಗಡಿನ ಮೇಲೆ ಸರಾಸರಿ 55 ಮೈಕ್ರಾನ್ ಲೇಪ ಇರಬೇಕು ಎನ್ನುತ್ತದೆ ಐಎಸ್‌ಒ 1461. ಭಾಗಿಸಿದರೆ ಆರೂವರೆಯಿಂದ ಹದಿಮೂರು ವರ್ಷ. ಮೊದಲೇ ಸತು ಲೇಪಿಸಿದ 120 ಗ್ರಾಮಿನ ಅಗ್ಗದ ತಗಡನ್ನು ಬಗ್ಗಿಸಿ ಟ್ರೇ ಮಾಡಿದ್ದರೆ ಒಂದೊಂದು ಮುಖದ ಮೇಲೆ ಇರುವುದು ಎಂಟು ಮೈಕ್ರಾನಿನಷ್ಟು ಮಾತ್ರ. ಒಂದೆರಡು ವರ್ಷದಲ್ಲಿ ಮುಗಿಯಿತು. ಕರಾವಳಿಯಲ್ಲಿ ‘ಉಕ್ಕಿನ ಟ್ರೇ ಬಾಳುವುದಿಲ್ಲ’ ಎಂದು ಬೈಸಿಕೊಂಡ ಟ್ರೇಗಳಲ್ಲಿ ಎಷ್ಟೋ ಇಂಥವು. ಅಲ್ಲೂ ಸೋತದ್ದು ಕೊಂಡ ರೀತಿ. ಅದೇ ರೀತಿಯಲ್ಲಿ ಈಗ ಬೇರೆ ವಸ್ತು ಕೊಳ್ಳುತ್ತಿದ್ದೇವೆ.

ಎಫ್‌ಆರ್‌ಪಿ ಎಂಬ ಹೆಸರಿನಡಿ ಏನೆಲ್ಲ ಬರುತ್ತದೆ ಎಂದು ತಿಳಿಯಬೇಕಾದರೆ ಒಂದು ತುಂಡನ್ನು ಸುಟ್ಟು ನೋಡಬೇಕು. ಪ್ರಯೋಗಾಲಯದಲ್ಲಿ ಇದಕ್ಕೆ ಎಎಸ್‌ಟಿಎಂ ಡಿ2584 ಎಂಬ ಪರೀಕ್ಷೆಯಿದೆ. ಬೆರಳುಗಾತ್ರದ ತುಂಡನ್ನು ತೂಗಿ, ಮೂಸೆಯಲ್ಲಿಟ್ಟು, 565 ಡಿಗ್ರಿ ಸೆಲ್ಸಿಯಸ್‌ನ ಕುಲುಮೆಯಲ್ಲಿ ರೆಸಿನ್ ಪೂರ್ತಿ ಉರಿದುಹೋಗುವ ತನಕ ಬಿಡುತ್ತಾರೆ. ತೆಗೆದಾಗ ಮೂಸೆಯಲ್ಲಿ ಗಾಜು ಬೆಳ್ಳಗೆ ಉಳಿದಿರುತ್ತದೆ. ಒಳ್ಳೆಯ ಟ್ರೇಯದಾದರೆ ಚಿಮಟದಿಂದ ಅದನ್ನು ಪುಟ ತಿರುವಿದಂತೆ ಬಿಡಿಸಬಹುದು: ಮೇಲೆ ತೆಳ್ಳನೆಯ ಚಾಪೆ, ನಡುವೆ ಉದ್ದಕ್ಕೆ ಬಿಗಿಯಾಗಿ ಹಾಸಿದ ಎಳೆಗಳ ಕಂತೆ, ಕೆಳಗೆ ಮತ್ತೆ ಚಾಪೆ. ತೂಕ ನೋಡಿದರೆ ಮೂಲದ ಅರ್ಧಕ್ಕಿಂತ ಹೆಚ್ಚು ಗಾಜೇ ಇರುತ್ತದೆ. ಕಳಪೆ ತುಂಡಿನಲ್ಲಿ ಎಳೆಗಳು ಅಲ್ಲಲ್ಲಿ ವಿರಳ, ಒಂದು ಬದಿಯಲ್ಲಿ ಚಾಪೆಯೇ ಇಲ್ಲ, ಮೂಸೆಯ ತಳದಲ್ಲಿ ಮಾತ್ರ ಬೂದಿಯಂಥ ಪುಡಿ ಧಾರಾಳ. ಆ ಪುಡಿಯ ಮೇಲೆ ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಬುರುಬುರು ನೊರೆ ಬಂದರೆ ಅದು ಸುಣ್ಣದಕಲ್ಲಿನ ಪುಡಿ. ರೆಸಿನ್ ಉಳಿಸಲು ತುಂಬಿದ್ದು. ಆಮ್ಲದ ಆವಿ ಇರುವ ಘಟಕಕ್ಕೆಂದು ತಂದ ಟ್ರೇಯೊಳಗೆ ಆಮ್ಲದಲ್ಲಿ ಕರಗುವ ಪುಡಿ! ಹೊರಗಿನಿಂದ ಎರಡೂ ಟ್ರೇಗಳು ಒಂದೇ ಬೂದುಬಣ್ಣ, ಒಂದೇ ನುಣುಪು. ಸ್ಟೋರಿನಲ್ಲಿ ಟೇಪು ಹಿಡಿದು ಅಳೆದರೆ ಎರಡೂ ಪಾಸು.

ರೆಸಿನ್‌ಗಳಲ್ಲೂ ಜಾತಿ ಬೇರೆ ಬೇರೆ. ಆರ್ಥೋಫ್ಥಾಲಿಕ್ ಪಾಲಿಯೆಸ್ಟರ್ ಅಗ್ಗ. ನೀರಿಗೂ ಶಾಖಕ್ಕೂ ಬೇಗ ಸೋಲುತ್ತದೆ. ಐಸೋಫ್ಥಾಲಿಕ್ ಅದಕ್ಕಿಂತ ಮೇಲು. ವಿನೈಲ್ ಎಸ್ಟರ್ ಆಮ್ಲ, ಕ್ಷಾರಗಳಿಗೆ ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಹಾಗೇ. ಬೆಂಕಿ, ಹೊಗೆಯ ಮಾತು ಬಂದರೆ ಫಿನಾಲಿಕ್ ಎಲ್ಲಕ್ಕಿಂತ ಮುಂದೆ. ಟೆಂಡರಿನಲ್ಲಿ ಈ ನಾಲ್ಕರಲ್ಲಿ ಒಂದರ ಹೆಸರೂ ಇಲ್ಲದಿದ್ದರೆ ಬರುವುದು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಶಾಖ. ಉಕ್ಕಿನ ಜೊತೆ ಬೆಳೆದ ಎಂಜಿನಿಯರುಗಳು ಇಲ್ಲಿ ಎಡವುವುದು ಸಹಜ, ಯಾಕೆಂದರೆ 60–70 ಡಿಗ್ರಿ ಶಾಖ ಉಕ್ಕಿಗೆ ಲೆಕ್ಕಕ್ಕೇ ಇಲ್ಲ. ಪ್ಲಾಸ್ಟಿಕ್‌ಗೆ ಹಾಗಲ್ಲ. ಅಮೆರಿಕದ ನೇಮಾ ಸಂಸ್ಥೆಯ ಎಫ್‌ಜಿ-1 ಮಾನಕದಲ್ಲಿ ಒಂದು ಸಣ್ಣ ಕೋಷ್ಟಕವಿದೆ. ಹೆಚ್ಚಿನ ತಯಾರಕರ ಕ್ಯಾಟಲಾಗುಗಳ ಕೊನೆಯ ಪುಟಗಳಲ್ಲೂ ಅದು ಅಚ್ಚಾಗಿರುತ್ತದೆ. 24 ಡಿಗ್ರಿಯಲ್ಲಿ ಟ್ರೇಯ ಬಲ ನೂರಕ್ಕೆ ನೂರು. 38 ಡಿಗ್ರಿಯಲ್ಲಿ 90. 52 ಡಿಗ್ರಿಯಲ್ಲಿ 78. 66 ಡಿಗ್ರಿಗೆ ಬಂದರೆ 68. 93ಕ್ಕೆ ಏರಿದರೆ ಸುಮಾರು ಅರ್ಧ. ಕ್ಯಾಟಲಾಗಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕುವ ಭಾರದ ಅಂಕಿ ಆ 24 ಡಿಗ್ರಿಯದು.

ರಾಯಚೂರು, ಕಲಬುರಗಿ, ಬಳ್ಳಾರಿಗಳಲ್ಲಿ ಏಪ್ರಿಲ್-ಮೇನಲ್ಲಿ ನೆರಳಿನ ತಾಪವೇ 42 ಡಿಗ್ರಿ ದಾಟುವುದು ಹೊಸದೇನಲ್ಲ. ನೇರ ಬಿಸಿಲಿನಲ್ಲಿ, ಮೇಲೆ ಮುಚ್ಚಳ ಹಾಕಿದ ಟ್ರೇಯೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಜೊತೆಗೆ ಕೇಬಲ್‌ಗಳೂ ಬಿಸಿಯಾಗುತ್ತವೆ: ಪಿವಿಸಿ ಕೇಬಲ್ಲಿನ ತಂತಿಗೆ 70 ಡಿಗ್ರಿ, ಎಕ್ಸ್‌ಎಲ್‌ಪಿಇಗೆ 90 ಡಿಗ್ರಿ ತನಕ ಅನುಮತಿಯಿದೆ. ತುಂಬು ಭಾರದಲ್ಲಿ ಓಡುವ ಘಟಕದ ಟ್ರೇ 60 ಡಿಗ್ರಿಯ ಮೇಲೆ ಇರುವುದು ಅಪರೂಪವಲ್ಲ. ಮೀಟರಿಗೆ 100 ಕಿಲೋ ಎಂದು ನಂಬಿ ಕೇಬಲ್ ಹಾಸಿದವರು ನಿಜವಾಗಿ 70 ಕಿಲೋ ಟ್ರೇಯ ಮೇಲೆ ಹಾಸಿರುತ್ತಾರೆ. ಮಾನಕಗಳಲ್ಲಿ ಸುರಕ್ಷತೆಗೆಂದು ಸ್ವಲ್ಪ ಹೆಚ್ಚುವರಿ ಇಟ್ಟಿರುತ್ತಾರೆ, ನಿಜ. ನೇಮಾದಲ್ಲಿ ಒಂದೂವರೆ ಪಟ್ಟು, ಐಇಸಿ 61537ರಲ್ಲಿ 1.7 ಪಟ್ಟು. ಆದರೆ ಆ ಹೆಚ್ಚುವರಿ ಇಟ್ಟದ್ದು ಬೇರೆ ಅನಿಶ್ಚಿತತೆಗಳಿಗೆ. ಶಾಖವೇ ಅದರ ಬಹುಪಾಲು ತಿಂದುಹಾಕಿದ ಮೇಲೆ, ಐದು ವರ್ಷದ ನಂತರ ಹೊಸ ಪಂಪಿಗೆಂದು ಅದೇ ಟ್ರೇಯಲ್ಲಿ ಇನ್ನೆರಡು ಕೇಬಲ್ ಎಳೆದಾಗ ಉಳಿಯುವುದೇನು? ಭಾರ ಹೊತ್ತು ಬಿಸಿಯಲ್ಲಿ ನಿಂತ ಪ್ಲಾಸ್ಟಿಕ್ ವರ್ಷಗಳುದ್ದಕ್ಕೂ ತುಸುತುಸುವಾಗಿ ಬಾಗುತ್ತಲೇ ಹೋಗುವುದೂ ಇದೆ.

ಬಾಗುವ ವಿಷಯ ಬಂದದ್ದರಿಂದ ಹೇಳುತ್ತೇನೆ. ಬಲದಲ್ಲಿ ಎಫ್‌ಆರ್‌ಪಿ ಉಕ್ಕಿಗೆ ಸಮೀಪ ಬರುತ್ತದೆ. ಬಿಗುವಿನಲ್ಲಿ ಹತ್ತಿರವೂ ಸುಳಿಯದು. ಉಕ್ಕಿನ ಸ್ಥಿತಿಸ್ಥಾಪಕ ಮಾನ 200 ಗಿಗಾಪಾಸ್ಕಲ್, ಪಲ್ಟ್ರೂಷನ್ ವಿಧಾನದಲ್ಲಿ ಎಳೆದ ಎಫ್‌ಆರ್‌ಪಿಯದು ಸುಮಾರು 20. ಅಂದರೆ ಹತ್ತನೆಯ ಒಂದು. ಸಮನಾಗಿ ಹರಡಿದ ಭಾರಕ್ಕೆ ಬಾಗುವಿಕೆ ಆಧಾರಗಳ ನಡುವಿನ ಅಂತರದ ನಾಲ್ಕನೇ ಘಾತಕ್ಕೆ ಏರುತ್ತದೆ. ಅಂತರ ಒಂದೂವರೆ ಮೀಟರಿದ್ದದ್ದು ಮೂರಾದರೆ ಬಾಗುವುದು ಹದಿನಾರು ಪಟ್ಟು. ಹಳೆಯ ಉಕ್ಕಿನ ಟ್ರೇ ಕಿತ್ತು, ಅದೇ ಬ್ರ್ಯಾಕೆಟ್ಟುಗಳ ಮೇಲೆ ಅದೇ ಎತ್ತರದ ಎಫ್‌ಆರ್‌ಪಿ ಕೂರಿಸುವುದು ಸುಲಭದ ಕೆಲಸ, ಶಟ್‌ಡೌನ್ ಸಮಯವೂ ಉಳಿಯುತ್ತದೆ. ಆದರೆ ಆ ಬ್ರ್ಯಾಕೆಟ್ಟುಗಳನ್ನು ಕೂರಿಸಿದ್ದು ಉಕ್ಕಿನ ಲೆಕ್ಕಕ್ಕೆ.

ಈಗ ಬೆಂಕಿ. ಉಕ್ಕು ಉರಿಯುವುದಿಲ್ಲ, ಎಫ್‌ಆರ್‌ಪಿಯ ರೆಸಿನ್ ಉರಿಯುತ್ತದೆ. 600 ಮಿಲಿಮೀಟರ್ ಅಗಲದ ಏಣಿ ಟ್ರೇ ಮೀಟರಿಗೆ ಐದು ಕಿಲೋ ತೂಗುತ್ತದೆಂದೂ ಅದರಲ್ಲಿ ರೆಸಿನ್ ಎರಡು ಕಿಲೋ ಎಂದೂ ಇಟ್ಟುಕೊಳ್ಳಿ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಉರಿದರೆ ಕಿಲೋಗೆ 28–30 ಮೆಗಾಜೌಲ್ ಶಾಖ ಹೊರಬರುತ್ತದೆ. ಹಾಗಾದರೆ ಟ್ರೇಯ ಒಂದೊಂದು ಮೀಟರಿನಲ್ಲೂ ಒಂದೂವರೆ ಲೀಟರಿಗೂ ಹೆಚ್ಚು ಪೆಟ್ರೋಲಿನಷ್ಟು ಶಾಖ ಅಡಗಿದೆ. ಕೇಬಲ್‌ಗಳ ಹೊದಿಕೆಯಲ್ಲಿ ಇದಕ್ಕಿಂತ ಹೆಚ್ಚೇ ಇರುತ್ತದೆ, ಒಪ್ಪಿದೆ. ಆದರೆ ಕೇಬಲ್ಲಿಗೆ ಬೆಂಕಿ ಹರಡದ ಹೊದಿಕೆ, ಕಡಿಮೆ ಹೊಗೆಯ ಹೊದಿಕೆ ಎಂದೆಲ್ಲ ಹುಡುಕಿ ಹುಡುಕಿ ಕೊಳ್ಳುವವರು ಅದರ ಕೆಳಗಿನ ಹಾಸಿಗೆಯನ್ನು ಕಣ್ಣುಮುಚ್ಚಿ ಕೊಂಡರೆ ಆ ಖರ್ಚೆಲ್ಲ ವ್ಯರ್ಥ.

‘ಇದು ಬೆಂಕಿ ನಿರೋಧಕ, ಸರ್ಟಿಫಿಕೇಟ್ ಇದೆ’ ಎಂಬ ಉತ್ತರ ಬರುತ್ತದೆ. ಆ ಸರ್ಟಿಫಿಕೇಟಿನಲ್ಲಿ ಯಾವ ಪರೀಕ್ಷೆಯ ಹೆಸರಿದೆ ನೋಡಿ. ಯುಎಲ್-94 ವಿ-0 ಎಂದಿದ್ದರೆ, ಬೆರಳುದ್ದದ ಒಂದು ಪಟ್ಟಿಯನ್ನು ನೇರ ನಿಲ್ಲಿಸಿ, ತುದಿಗೆ 20 ಮಿಲಿಮೀಟರಿನ ಪುಟ್ಟ ಜ್ವಾಲೆಯನ್ನು ಹತ್ತು ಸೆಕೆಂಡಿನಂತೆ ಎರಡು ಸಲ ಹಿಡಿದಾಗ ಅದು ತಾನಾಗಿ ನಂದಿದೆ ಎಂದು ಅರ್ಥ. ವಸ್ತುಗಳನ್ನು ಹೋಲಿಸಲು ಒಳ್ಳೆಯ ಪರೀಕ್ಷೆ. ಆದರೆ ಕೇಬಲ್ ಸುರಂಗದಲ್ಲಿ ಬೆಂಕಿ ಹತ್ತು ಸೆಕೆಂಡಿಗೆ ನಿಲ್ಲುವುದಿಲ್ಲ, ಜ್ವಾಲೆಯೂ ಎರಡು ಸೆಂಟಿಮೀಟರ್ ಇರುವುದಿಲ್ಲ. ಎಎಸ್‌ಟಿಎಂ ಇ-84 ಪರೀಕ್ಷೆ ಇದಕ್ಕಿಂತ ದೊಡ್ಡದು: ಏಳು ಮೀಟರಿಗೂ ಉದ್ದದ ಸುರಂಗದಲ್ಲಿ ಹತ್ತು ನಿಮಿಷ ಬೆಂಕಿ ಹರಡಿಸಿ ನೋಡುತ್ತಾರೆ. ಕೆಂಪು ಓಕ್ ಮರದ ಅಂಕ 100 ಎಂದಿಟ್ಟು, 25ರೊಳಗೆ ಬಂದರೆ ಮೊದಲ ದರ್ಜೆ. ಈ 25ರ ಅಂಕಿಯನ್ನು ಎಲ್ಲರೂ ಕ್ಯಾಟಲಾಗಿನಲ್ಲಿ ಹಾಕುತ್ತಾರೆ. ಅದೇ ಪರೀಕ್ಷೆ ಹೊಗೆಗೂ ಅಂಕ ಕೊಡುತ್ತದೆ. ಮೊದಲ ದರ್ಜೆಯ ವಸ್ತುವಿಗೂ ಹೊಗೆಯಲ್ಲಿ 450ರ ತನಕ ಅವಕಾಶವಿದೆ. ಆ ಅಂಕಿ ಎಷ್ಟೋ ಸಲ ಕ್ಯಾಟಲಾಗಿನಲ್ಲಿ ಇರುವುದೇ ಇಲ್ಲ.

ಬೆಂಕಿ ಹರಡದಂತೆ ಮಾಡುವ ಅಗ್ಗದ ಉಪಾಯಗಳಲ್ಲೊಂದು ರೆಸಿನ್‌ಗೆ ಬ್ರೋಮಿನ್ ಅಥವಾ ಕ್ಲೋರಿನ್ ಸೇರಿಸುವುದು, ಜೊತೆಗೆ ಆಂಟಿಮನಿ ಆಕ್ಸೈಡ್. ಇವು ಜ್ವಾಲೆಯನ್ನು ನಿಜಕ್ಕೂ ಹಿಂಡುತ್ತವೆ, ಆದರೆ ಅರೆಬರೆ ಉರಿದ ರೆಸಿನ್ ದಟ್ಟ ಕಪ್ಪು ಹೊಗೆಯಾಗಿ ಏಳುತ್ತದೆ. ಹೈಡ್ರೋಜನ್ ಬ್ರೋಮೈಡ್, ಹೈಡ್ರೋಜನ್ ಕ್ಲೋರೈಡ್‌ನಂಥ ಆಮ್ಲದ ಅನಿಲಗಳು ಕಣ್ಣು, ಶ್ವಾಸನಾಳ ಸುಡುತ್ತವೆ. ಬಯಲಿನ ಪೈಪ್‌ರ‍್ಯಾಕಿನ ಮೇಲೆ ಗಾಳಿ ಅದನ್ನು ಒಯ್ಯುತ್ತದೆ. ಸುರಂಗದಲ್ಲಿ, ನೆಲಮಾಳಿಗೆಯ ಕೇಬಲ್ ಗ್ಯಾಲರಿಯಲ್ಲಿ, ಕಂಟ್ರೋಲ್ ರೂಮಿನ ಕೆಳಗಿನ ಕೇಬಲ್ ಕೋಣೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ಅಲ್ಯುಮಿನಿಯಂ ಟ್ರೈಹೈಡ್ರೇಟ್ ತುಂಬಿದ ರೆಸಿನ್ ಬಿಸಿಯಾದಾಗ ನೀರಿನ ಆವಿ ಬಿಡುತ್ತದೆ, ಹೊಗೆ ಕಡಿಮೆ. ಫಿನಾಲಿಕ್‌ನಲ್ಲಿ ಇನ್ನೂ ಕಡಿಮೆ. ಹಾಗಾಗಿ ‘ಬೆಂಕಿ ನಿರೋಧಕ’ ಎಂಬ ಒಂದೇ ಹೆಸರಿನಡಿ ಮನುಷ್ಯ ಉಸಿರಾಡಿ ಹೊರಬರಬಹುದಾದ ಟ್ರೇಯೂ ಇದೆ, ಹತ್ತು ಹೆಜ್ಜೆ ಇಡುವುದರೊಳಗೆ ಕಣ್ಣು ಕತ್ತಲಾಗಿಸುವ ಟ್ರೇಯೂ ಇದೆ.

ಇದೆಲ್ಲ ಅತಿ ಭಯ ಅನ್ನಿಸಿದರೆ ಕೇಬಲ್ ಬೆಂಕಿಗಳ ಚರಿತ್ರೆಯನ್ನು ಒಮ್ಮೆ ನೋಡಬೇಕು. 1975ರ ಮಾರ್ಚ್ 22ರಂದು ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರಿ ಪರಮಾಣು ಕೇಂದ್ರದಲ್ಲಿ, ಕೇಬಲ್ ಹಾದುಹೋಗುವ ಗೋಡೆಯ ಕಿಂಡಿಯಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೋಡಲು ಮೊಂಬತ್ತಿ ಹಿಡಿದರು. ಕಿಂಡಿಗೆ ತುಂಬಿದ್ದ ಫೋಮ್ ಹೊತ್ತಿಕೊಂಡಿತು. ಏಳು ಗಂಟೆ ಉರಿದು 1600ಕ್ಕೂ ಹೆಚ್ಚು ಕೇಬಲ್ ಹಾಳಾದವು. ನಮ್ಮಲ್ಲೇ, 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾ ಪರಮಾಣು ಕೇಂದ್ರದ ಮೊದಲ ಘಟಕದಲ್ಲಿ ಟರ್ಬೈನಿನ ಬ್ಲೇಡು ಮುರಿದು, ಹೈಡ್ರೋಜನ್ ಸೋರಿ ಹೊತ್ತಿ, ಎಣ್ಣೆಗೆ ತಗುಲಿ, ಕೇಬಲ್ ಹಿಡಿದು ಬೆಂಕಿ ಓಡಿತು. ತುರ್ತು ವ್ಯವಸ್ಥೆಗಳ ಕೇಬಲ್‌ಗಳೂ ಅದೇ ದಾರಿಯಲ್ಲಿದ್ದವು, ನಡುವೆ ಬೆಂಕಿಯ ತಡೆ ಇರಲಿಲ್ಲ. ಕಂಟ್ರೋಲ್ ರೂಮಿಗೆ ಹೊಗೆ ನುಗ್ಗಿ ಸಿಬ್ಬಂದಿ ಹೊರಗೆ ಬರಬೇಕಾಯಿತು. 17 ಗಂಟೆ ಘಟಕಕ್ಕೆ ವಿದ್ಯುತ್ ಇರಲಿಲ್ಲ. 2016ರ ಫೆಬ್ರವರಿಯಲ್ಲಿ ನಮ್ಮ ಶರಾವತಿ ಜಲವಿದ್ಯುತ್ ಕೇಂದ್ರದಲ್ಲಿ ಬೆಂಕಿ ಬಿದ್ದು ಕೇಬಲ್‌ಗಳು ಸುಟ್ಟಾಗ, 1035 ಮೆಗಾವ್ಯಾಟ್ ಸಾಮರ್ಥ್ಯದ ಆ ಕೇಂದ್ರ ಬೇಸಿಗೆಯ ಬಾಗಿಲಲ್ಲಿ ಉತ್ಪಾದನೆ ನಿಲ್ಲಿಸಬೇಕಾಯಿತು. 2020ರ ಆಗಸ್ಟ್ 20ರ ರಾತ್ರಿ ತೆಲಂಗಾಣದ ಶ್ರೀಶೈಲಂ ಎಡದಂಡೆಯ ಭೂಗತ ವಿದ್ಯುದಾಗಾರದಲ್ಲಿ ಬೆಂಕಿ ಬಿತ್ತು. ಸುರಂಗ ಹೊಗೆಯಿಂದ ತುಂಬಿಹೋಯಿತು. ಒಳಗಿದ್ದ ಒಂಬತ್ತು ಮಂದಿ ಬದುಕಿ ಬರಲಿಲ್ಲ.

ಈ ಯಾವ ದುರಂತಕ್ಕೂ ಎಫ್‌ಆರ್‌ಪಿ ಟ್ರೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕೇಬಲ್ ಸಾಗುವ ದಾರಿಯೇ ಬೆಂಕಿ ಸಾಗುವ ದಾರಿಯಾಗುತ್ತದೆ, ಕೊಲ್ಲುವುದು ಹೆಚ್ಚಾಗಿ ಹೊಗೆ ಎಂಬುದಕ್ಕೆ ಇವು ಸಾಕ್ಷಿ. ಅಂಥ ದಾರಿಯಲ್ಲಿ ಇಷ್ಟು ದಿನ ಉರಿಯದ ವಸ್ತುವಾದರೂ ಒಂದಿತ್ತು, ಉಕ್ಕಿನ ಟ್ರೇ. ಈಗ ಅದನ್ನೂ ತೆಗೆದು ಉರಿಯಬಲ್ಲದ್ದನ್ನು ಇಡುತ್ತಿದ್ದೇವೆ, ಅದೂ ಯಾವ ರೆಸಿನ್ ಎಂದು ಕೇಳದೆ. ಕಡಲಿನ ತೈಲವೇದಿಕೆ, ಹಡಗುಗಳಲ್ಲಿ ಎಫ್‌ಆರ್‌ಪಿ ಜಾಲರಿ ಮತ್ತು ಕೇಬಲ್ ಟ್ರೇಗಳನ್ನು ಎಲ್ಲಿ ಬಳಸಬಹುದು, ಎಲ್ಲಿ ಕೂಡದು ಎಂದು ಅಮೆರಿಕದ ಕೋಸ್ಟ್ ಗಾರ್ಡ್ 1998ರಲ್ಲೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ತೆರೆದ ಜಾಗಕ್ಕೊಂದು ನಿಯಮ, ಜನ ತಪ್ಪಿಸಿಕೊಳ್ಳಬೇಕಾದ ದಾರಿಗೆ ಇನ್ನೊಂದು. ಉಪ್ಪುನೀರಿನ ನಡುವೆ ನಿಂತವರಿಗೇ ತುಕ್ಕಿನ ಭಯಕ್ಕಿಂತ ಬೆಂಕಿಯ ಭಯ ದೊಡ್ಡದಾಗಿ ಕಂಡಿದೆ.

ಇನ್ನೊಂದು ಸಂಗತಿಯನ್ನು ನಾನು ಗಟ್ಟಿಯಾಗಿ ಹೇಳಲೇಬೇಕು. ಅಗ್ನಿಶಾಮಕ ಪಂಪು, ತುರ್ತುದೀಪ, ಅಲಾರಂಗಳಿಗೆ ‘ಫೈರ್ ಸರ್ವೈವಲ್’ ಕೇಬಲ್ ಹಾಕುತ್ತೇವೆ. ಬೆಂಕಿಯ ನಡುವೆಯೂ ನಿಗದಿತ ಸಮಯ ಕರೆಂಟು ಹರಿಸುವ, ದುಬಾರಿ ಕೇಬಲ್ ಅದು. ಪಾಲಿಯೆಸ್ಟರ್ ರೆಸಿನ್ 300–400 ಡಿಗ್ರಿಯ ಸುಮಾರಿಗೆ ಒಡೆದು ಅನಿಲವಾಗತೊಡಗುತ್ತದೆ. ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲು. ಆ ಹೊತ್ತಿಗೆ ಟ್ರೇ ಮಡಚಿ ಬಿದ್ದರೆ, ಅದರ ಮೇಲಿನ ಕೇಬಲ್ ಎಷ್ಟೇ ಗಟ್ಟಿಯಾಗಿರಲಿ, ಕಿತ್ತು ಕೆಳಗೆ ಬರುತ್ತದೆ. ಜರ್ಮನಿಯ ಡಿಐಎನ್ 4102ರ 12ನೇ ಭಾಗ ಇದನ್ನು ಅರಿತೇ ಕೇಬಲ್ಲನ್ನು ಒಂಟಿಯಾಗಿ ಪರೀಕ್ಷಿಸದೆ ಟ್ರೇ, ಬ್ರ್ಯಾಕೆಟ್ಟು, ಬೋಲ್ಟುಗಳ ಸಮೇತ 30ರಿಂದ 90 ನಿಮಿಷ ಕುಲುಮೆಯಲ್ಲಿಟ್ಟು ನೋಡುತ್ತದೆ. ಸಾಮಾನ್ಯ ಎಫ್‌ಆರ್‌ಪಿ ಟ್ರೇಯ ಮೇಲೆ ಫೈರ್ ಸರ್ವೈವಲ್ ಕೇಬಲ್ ಹಾಸಿ ‘ನಿಯಮ ಪಾಲಿಸಿದ್ದೇವೆ’ ಎಂದು ಬರೆದುಕೊಳ್ಳುವುದು ಕಾಗದದ ಮೇಲಿನ ಸುರಕ್ಷತೆ.

ಅರ್ತಿಂಗ್ ವಿಷಯ ಬೇಗ ಮುಗಿಸುತ್ತೇನೆ, ಆದರೆ ಪ್ರಾಣ ಹೋಗಬಲ್ಲದ್ದು ಅಲ್ಲೂ ಇದೆ. ಸರಿಯಾಗಿ ಜೋಡಿಸಿದ ಉಕ್ಕಿನ ಟ್ರೇ ತಾನೂ ವಿದ್ಯುತ್ ಹರಿಯುವ ದಾರಿ. ಎಷ್ಟೋ ಹಳೆಯ ಘಟಕಗಳಲ್ಲಿ ಡ್ರಾಯಿಂಗಿನಲ್ಲಿ ಇಲ್ಲದಿದ್ದರೂ ಮೋಟಾರಿನ ಮೈಯಿಂದ, ಜಂಕ್ಷನ್ ಬಾಕ್ಸಿನಿಂದ ಒಂದು ತುಂಡು ಪಟ್ಟಿ ಟ್ರೇಗೆ ಕಚ್ಚಿಸಿ ಅರ್ತಿಂಗ್ ಆಯಿತು ಎಂದುಕೊಂಡಿರುತ್ತಾರೆ. ಆ ಟ್ರೇ ಪ್ಲಾಸ್ಟಿಕ್ ಆದ ದಿನ ದಾರಿ ಕಡಿಯಿತು. ಮುಂದೆ ಯಾವತ್ತೋ ಮೋಟಾರಿನ ಒಳಗೆ ನಿರೋಧಕ ಕೆಟ್ಟರೆ ದೋಷದ ಕರೆಂಟು ಹರಿಯಲು ಜಾಗವಿಲ್ಲ, ಬ್ರೇಕರು ಬೀಳುವುದಿಲ್ಲ, ಮೋಟಾರಿನ ಮೈ ಜೀವಂತವಾಗಿ ಕೂತಿರುತ್ತದೆ. ಟ್ರೇ ಬದಲಿಸುವ ಮೊದಲೇ ಐಎಸ್ 3043ರಂತೆ ಪ್ರತ್ಯೇಕ ಅರ್ತಿಂಗ್ ವಾಹಕವನ್ನು ಉದ್ದಕ್ಕೂ ಎಳೆದು, ಒಂದೊಂದು ಮೋಟಾರಿನಿಂದಲೂ ಅಳೆದು ನೋಡಬೇಕು. ಪೆಟ್ರೋಲಿಯಂ ಆವಿ ಇರುವ ಜಾಗಗಳಲ್ಲಿ ಸ್ಥಾಯಿ ವಿದ್ಯುತ್ತಿನ ಪ್ರಶ್ನೆಯೂ ಸೇರುತ್ತದೆ: ಸೋರುವ ಹಬೆ, ಹಾರುವ ಒಣಧೂಳು ತಾಗಿ ಪ್ಲಾಸ್ಟಿಕ್ ಮೇಲೆ ವಿದ್ಯುದಂಶ ಕೂಡಬಹುದು. ಸ್ಫೋಟಕ ವಲಯದ ಉಪಕರಣಗಳ ಪ್ಲಾಸ್ಟಿಕ್ ಮೈಗೆ ಐಇಸಿ 60079 ಸರಣಿ ಹಾಕಿರುವ ಮೇಲ್ಮೈ ರೋಧದ ಮಿತಿ ನೂರು ಕೋಟಿ ಓಮ್. ಅಲ್ಲಿಗೆ ತರುವ ಟ್ರೇಗೂ ಅದೇ ಅಳತೆಗೋಲು ಇಡುವುದು ಒಳ್ಳೆಯದು.

ತುಕ್ಕಿಲ್ಲ ಎಂಬ ಮಾತಿಗೂ ಒಂದು ಮಿತಿ ಹಾಕಬೇಕು. ಸಾಮಾನ್ಯವಾಗಿ ಬಳಸುವ ಇ-ಗಾಜಿನ ನಾರಿನಲ್ಲಿ ಕ್ಯಾಲ್ಸಿಯಂ, ಅಲ್ಯುಮಿನಿಯಂ ಆಕ್ಸೈಡುಗಳು ಬಹಳ. ಆಮ್ಲ ಇವನ್ನು ನಾರಿನಿಂದ ಹೊರಗೆಳೆಯುತ್ತದೆ. ಭಾರ ಹೊತ್ತು ಸೆಳೆತದಲ್ಲಿರುವ ನಾರಿಗೆ ಆಮ್ಲ ಮುಟ್ಟಿದರೆ ಅದು ಕಡ್ಡಿ ಮುರಿದಂತೆ ಪಟ್ಟನೆ ತುಂಡಾಗುತ್ತದೆ. ಹೈಟೆನ್ಷನ್ ಲೈನುಗಳ ಕಾಂಪೊಸಿಟ್ ಇನ್ಸುಲೇಟರುಗಳು ಹೀಗೆಯೇ ಮುರಿದು ಬಿದ್ದಾಗ ವಿದ್ಯುತ್ ಎಂಜಿನಿಯರುಗಳಿಗೆ ಈ ಪಾಠ ಆಗಿದೆ. ರೆಸಿನ್ ಹೊದಿಕೆ ಗಟ್ಟಿಯಿರುವ ತನಕ ನಾರಿಗೆ ಆಮ್ಲ ಮುಟ್ಟದು. ಆದರೆ ಸೈಟಿನಲ್ಲಿ ಗ್ರೈಂಡರ್ ಹಿಡಿದು ಟ್ರೇ ಕತ್ತರಿಸಿದ ತುದಿ, ಬೋಲ್ಟಿಗೆಂದು ಕೊರೆದ ತೂತು, ಇವೆಲ್ಲ ಬಾಗಿಲು ತೆರೆದಿಟ್ಟಂತೆ. ಕತ್ತರಿಸಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾವಿರಾರು ನಾರಿನ ತುದಿಗಳು ಚುಕ್ಕಿಚುಕ್ಕಿಯಾಗಿ ಹೊಳೆಯುತ್ತವೆ. ಒಂದೊಂದರ ಗುಂಟವೂ ತೇವ ಒಳಗೆ ಏರುತ್ತದೆ. ಆ ಮುಖಕ್ಕೆ ಅದೇ ದಿನ ರೆಸಿನ್ ಬಳಿಯಬೇಕು ಎಂದು ಪ್ರತಿ ತಯಾರಕನ ಕೈಪಿಡಿಯೂ ಹೇಳುತ್ತದೆ. ಗುತ್ತಿಗೆಯ ಬಿಲ್ಲಿನಲ್ಲಿ ಆ ಕೆಲಸಕ್ಕೆ ಸಾಲು ಇರುವುದಿಲ್ಲವಾದ್ದರಿಂದ ಯಾರೂ ಬಳಿಯುವುದಿಲ್ಲ. ಬ್ಯಾಟರಿ ಕೋಣೆಗೆ, ಉಕ್ಕನ್ನು ಆಮ್ಲದಲ್ಲಿ ತೊಳೆಯುವ ಪಿಕ್ಲಿಂಗ್ ಘಟಕಕ್ಕೆ ಬೋರಾನ್ ಇಲ್ಲದ ಆಮ್ಲನಿರೋಧಕ ಗಾಜನ್ನೇ ಕೇಳಬೇಕು. ಫ್ಲೋರೈಡ್ ಆವಿ ಇರುವ ಫಾಸ್ಫಾರಿಕ್ ಆಮ್ಲದ ಘಟಕದಲ್ಲಂತೂ ಗಾಜು ಮೇಲ್ಮೈಗೆ ಬರಲೇಕೂಡದು.

ಬಿಸಿಲಿನಲ್ಲಿರುವ ಟ್ರೇಗಳ ಮೇಲೆ ಕೈಯಾಡಿಸಿದವರಿಗೆ ಇನ್ನೊಂದು ಗೊತ್ತು. ಅತಿನೇರಳೆ ಕಿರಣ ಮೇಲಿನ ರೆಸಿನ್ ಪದರವನ್ನು ಸವೆಸಿ, ಒಳಗಿನ ನಾರು ರೋಮದಂತೆ ಎದ್ದುನಿಲ್ಲುತ್ತದೆ. ಬಣ್ಣ ಸುಣ್ಣದಂತೆ ಮಾಸಿರುತ್ತದೆ, ಮುಟ್ಟಿದರೆ ಅಂಗೈಯೆಲ್ಲ ನವೆ. ಮೇಲ್ಪದರದಲ್ಲಿ ಪಾಲಿಯೆಸ್ಟರ್ ತೆರೆಯೂ ರೆಸಿನ್‌ನಲ್ಲಿ ಕಿರಣ ತಡೆಯುವ ಸೇರ್ಪಡೆಯೂ ಇದ್ದರೆ ಇದು ಬಹಳ ನಿಧಾನ. ಹಾಗೆ ನಾರೆದ್ದ ಟ್ರೇ ಮುರಿದುಬೀಳುವ ಹಂತದಲ್ಲೇನೂ ಇರುವುದಿಲ್ಲ, ಆದರೆ ಮಳೆನೀರಿಗೂ ಆಮ್ಲಕ್ಕೂ ಒಳದಾರಿ ತೆರೆದಿರುತ್ತದೆ. ಕರಾವಳಿಯಲ್ಲಿ ಎಂಟು ತಿಂಗಳು ಬಿಸಿಲು ಈ ಕೆಲಸ ಮಾಡುತ್ತದೆ, ಉಳಿದ ನಾಲ್ಕು ತಿಂಗಳು ಮಳೆ ಮುಂದುವರಿಸುತ್ತದೆ.

ಎಫ್‌ಆರ್‌ಪಿ ಬೇಡ ಎಂದು ನಾನು ಬರೆಯುತ್ತಿಲ್ಲ. ಆಮ್ಲದ ಆವಿಯ ಬಯಲು ಘಟಕಗಳಿಗೆ, ಒಳ್ಳೆಯ ವಿನೈಲ್ ಎಸ್ಟರಿನಲ್ಲಿ ಮಾಡಿದ ಟ್ರೇಗಿಂತ ಮೇಲಾದದ್ದು ಸಿಗುವುದು ಕಷ್ಟ. ಸುರಂಗ, ಕೇಬಲ್ ಕೋಣೆ, ಜನ ಓಡಿ ಹೊರಬರಬೇಕಾದ ದಾರಿಗಳಲ್ಲಿ ಮಾತ್ರ ಅದನ್ನು ತರಬಾರದು. ಅಲ್ಲಿ ದಪ್ಪ ಸತುಲೇಪದ ಉಕ್ಕು, ತೀರ ಉಪ್ಪಾದ ಕಡೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕು. ಬೇರೆ ದಾರಿಯೇ ಇಲ್ಲದಿದ್ದರೆ ಫಿನಾಲಿಕ್, ಅದೂ ಹೊಗೆಯ ಅಂಕಿ ಕೈಯಲ್ಲಿ ಹಿಡಿದ ಮೇಲೆ. ಟೆಂಡರಿನಲ್ಲಿ ರೆಸಿನ್ನಿನ ಹೆಸರು, ಗಾಜಿನ ಪ್ರಮಾಣ, 66 ಡಿಗ್ರಿಯಲ್ಲಿ ಹೊರಬೇಕಾದ ಭಾರ ಬರೆದರೆ ಕಡಿಮೆ ದರದವನೂ ಅದಕ್ಕೆ ಹೊಂದಲೇಬೇಕಾಗುತ್ತದೆ. ಬಂದ ಸರಕಿನಿಂದಲೇ, ನಮ್ಮ ಕೈಯಿಂದಲೇ ತುಂಡು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ತಯಾರಕ ಎಂದೋ ಮಾಡಿಸಿಟ್ಟ ಮಾದರಿಯ ಸರ್ಟಿಫಿಕೇಟು ಈ ಲಾರಿಯಲ್ಲಿ ಬಂದ ಟ್ರೇಯ ಬಗ್ಗೆ ಏನೂ ಹೇಳದು. ವಿದ್ಯುತ್ ಸಾಮಗ್ರಿಗಳ ಪರೀಕ್ಷೆಗೆಂದು 1960ರಲ್ಲಿ ಕಟ್ಟಿದ ಸಿಪಿಆರ್‌ಐ ಬೆಂಗಳೂರಿನಲ್ಲೇ ಇದೆ. ಮಂಗಳೂರಿನಿಂದ ಒಂದು ರಾತ್ರಿಯ ಪ್ರಯಾಣ.

ಈಗಾಗಲೇ ಹಾಕಿಬಿಟ್ಟಿರುವ ಟ್ರೇಗಳ ಕೆಲಸ ಮುಂದಿನ ಶಟ್‌ಡೌನಿನಲ್ಲೇ ಆಗಬೇಕು. ಖಾಲಿ ತುದಿಯಿಂದ ಒಂದಡಿ ತುಂಡು ತೆಗೆದು ಕುಲುಮೆಗೆ ಕಳಿಸಿ, ಹೊಸದಾಗಿ ಕತ್ತರಿಸಿದ ಮುಖಕ್ಕೆ ಅಂದೇ ರೆಸಿನ್ ಬಳಿಯಿರಿ. ನಡು ಅಂತರದಲ್ಲಿ ದಾರ ಹಿಡಿದು ಬಾಗು ಅಳೆಯಿರಿ. ಅಂತರದ ನೂರನೆಯ ಒಂದು ಪಾಲು ಮೀರಿದ್ದರೆ ಐಇಸಿ ಮಿತಿ ದಾಟಿತು, ನಡುವೆ ಇನ್ನೊಂದು ಆಧಾರ ಕೊಡಬೇಕು. ಇವೆಲ್ಲಕ್ಕಿಂತ ಮೊದಲು ಅಗ್ನಿಶಾಮಕ ಪಂಪಿನ ಕೇಬಲ್ ಯಾವ ಟ್ರೇಯ ಮೇಲೆ ಹೋಗುತ್ತಿದೆ ಎಂದು ಪಂಪ್‌ಹೌಸಿನಿಂದ ಸಬ್‌ಸ್ಟೇಷನ್ ತನಕ ಕಾಲ್ನಡಿಗೆಯಲ್ಲೇ ಹೋಗಿ ನೋಡಿ. ಡ್ರಾಯಿಂಗಿನಲ್ಲಿ ನೋಡಿದರೆ ಸಾಲದು. ಆ ದಾರಿಯಲ್ಲಿ ಎಲ್ಲೇ ಒಂದು ಮೀಟರ್ ಸಾಮಾನ್ಯ ಎಫ್‌ಆರ್‌ಪಿ ಸಿಕ್ಕಿದರೂ, ಆ ಕೇಬಲ್ಲನ್ನು ಈ ಬೇಸಿಗೆಯೊಳಗೆ ಉಕ್ಕಿನ ಟ್ರೇಗೆ ಎತ್ತಿ ಹಾಕಿಸಿ.